ಅರ್ಧ ಗಡ್ಡ

ಮಾರ್ಚ್ ೪, ಗುರುವಾರ

ಈ ಡೈರಿ ಹೆಂಡತಿ ಕೊಟ್ಟದ್ದು. "ನನ್ನ ತಲೆ ತಿಂದಿದ್ದು ಸಾಕು, ಇನ್ನು ಇದರ ತಲೆ ತಿನ್ನಿ" ಎಂದಳು. ಪುಸ್ತಕಕ್ಕೆ ತಲೆ ಎಲ್ಲಿಂದ ಬರಬೇಕು ಎಂದು ಕೇಳಿದೆ. ಅವಳು ಬಟ್ಟೆ ಒಣಹಾಕಲು ಹೋದಳು.

ನನ್ನ ಓದು ಐದನೇ ಕ್ಲಾಸಿನ ನಡುವೆ ನಿಂತದ್ದು. ಕಾಗುಣಿತ ತಪ್ಪಿದರೆ ತಪ್ಪಲಿ. ಓದುವವನು ನಾನೊಬ್ಬನೇ, ನನಗೆ ತಪ್ಪು ಗೊತ್ತಾಗುವುದಿಲ್ಲ.

ಇವತ್ತು ವ್ಯಸನಮುಕ್ತಿ ಕೇಂದ್ರದಲ್ಲಿ ಮೊದಲ ದಿನ. ಇನ್ನು ಪ್ರತಿ ಗುರುವಾರ ಸಲೂನಿಗೆ ಬೀಗ ಹಾಕಿ ಅಲ್ಲಿಗೆ ಹೋಗಿ, ಒಳಗಿರುವವರ ತಲೆ ಗಡ್ಡ ನೋಡಿಕೊಳ್ಳಬೇಕು. ಬೀಗ ಎಳೆದು ನೋಡಿ ಹೊರಟೆ. ಬಸ್ ಸ್ಟಾಪಿನಿಂದ ವಾಪಸ್ ಬಂದು ಮತ್ತೆ ಎಳೆದು ನೋಡಿದೆ. ಅಷ್ಟರಲ್ಲಿ ಒಂದು ಬಸ್ಸು ಹೋಯಿತು.

ಮುಂಚೆ ಅಲ್ಲಿಗೆ ಬರುತ್ತಿದ್ದ ಕ್ಷೌರಿಕ ಯಾಕೆ ಬಿಟ್ಟ ಎಂದು ಕೇಳಿದೆ. ಬಿಟ್ಟಿಲ್ಲ, ಇಲ್ಲೇ ಇದ್ದಾನೆ, ಒಳಗಿನ ವಾರ್ಡು, ಕಿಟಕಿ ಪಕ್ಕದ ಮಂಚ ಎಂದರು. ಬಂದ ಬಸ್ಸಿಗೇ ವಾಪಸ್ ಹೋಗೋಣ ಎನ್ನಿಸಿತು.

ಅಲ್ಲಿ ಬಂಡೆ ಎನ್ನುವ ಅಟೆಂಡರ್ ಇದ್ದಾನೆ. ನಿಜವಾದ ಹೆಸರು ಬೇರೆ ಇರಬೇಕು, ಅವನನ್ನು ನೋಡಿದ ಮೇಲೆ ಕೇಳಬೇಕೆನಿಸಲಿಲ್ಲ. ಅವನು ತೋಳು ಮಡಿಸುತ್ತ, "ಹೆದರ್ಬೇಡಿ, ನಾನು ಅದುಮಿ ಹಿಡ್ಕೋತೀನಿ, ನೀವು ಬೋಳಿಸ್ತಾ ಹೋಗಿ" ಎಂದ. ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಮೇಡಂ ಬಂದು ಅದನ್ನು ಮತ್ತೆ ತೆಗೆದರು.

ಮೇಡಂ ಎಂದರೆ ಆಪ್ತಸಮಾಲೋಚಕಿ. ಒಳಗಿರುವವರ ಜೊತೆ ಕೂತು ಮಾತಾಡುವುದು ಅವರ ಕೆಲಸ. ವಯಸ್ಸು ನನ್ನ ಮಗಳಷ್ಟು. ಅವರ ಕೂದಲನ್ನು ಯಾರೋ ಸಿಟ್ಟಿನಲ್ಲಿ ಕತ್ತರಿಸಿದ್ದಾರೆ. ಅದನ್ನು ನೋಡದೆ ಅವರ ಮಾತು ಕೇಳುವುದು ನನಗೆ ಕಷ್ಟವಾಯಿತು. ಇನ್ನು ಮೇಲೆ ಯಾರನ್ನೂ ಹಿಡಿಯುವಂತಿಲ್ಲವಂತೆ. ಮುಟ್ಟುವ ಮೊದಲು ಕೇಳಬೇಕಂತೆ. ಏನು ಮಾಡುತ್ತೇನೆಂದು ಹೇಳಿ ಆಮೇಲೆ ಮಾಡಬೇಕಂತೆ. ಸದ್ದಿಲ್ಲದೆ ಹಿಂದಿನಿಂದ ಬರಬಾರದಂತೆ. ಸಾಕು ಎಂದರೆ ಅಲ್ಲಿಗೇ ನಿಲ್ಲಿಸಬೇಕಂತೆ. ಇಲ್ಲಿಗೆ ಬರುವವರಲ್ಲಿ ಬಹಳ ಜನ ಕುಡಿಯಲು ಕಲಿಯುವ ಮುಂಚೆಯೇ ಯಾರದೋ ಕೈಯಲ್ಲಿ ನಲುಗಿದವರು, ಮೇಲೆದ್ದ ಕೈ ಕಂಡರೆ ಅವರ ಮೈ ತಾನಾಗಿ ಎದ್ದು ಓಡುತ್ತದೆ, ಅದು ಹಟ ಅಲ್ಲ, ಕೊಬ್ಬೂ ಅಲ್ಲ ಎಂದರು.

ನಾನು ವಿನಯದಿಂದಲೇ ಕೇಳಿದೆ, ಮೇಡಂ, ಹಿಂದಲೆ ಹಿಂದೆಯೇ ಇರುತ್ತದಲ್ಲ, ಹಿಂದೆ ಹೋಗದೆ ಕತ್ತರಿಸುವುದು ಹೇಗೆ ಅಂತ. ಅವರು ನಕ್ಕರು. "ಹೋಗಿ. ಆದ್ರೆ ಹೋಗ್ತಾ ಇದೀನಿ ಅಂತ ಹೇಳಿ ಹೋಗಿ."

ಗೋಡೆಗೆ ಮುಖ ಮಾಡಿದ್ದ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಟ್ಟರು. ಅದೊಂದು ನನಗೆ ಹಿಡಿಸಿತು. ಬಾಗಿಲಿಗೆ ಬೆನ್ನು ಹಾಕಿ ಕೂರಲು ನನಗೂ ಆಗುವುದಿಲ್ಲ. ಚಹಾದಂಗಡಿಯಲ್ಲಿ ಮೂಲೆಯ ಜಾಗ ಸಿಗದಿದ್ದರೆ ನಿಂತೇ ಕುಡಿಯುತ್ತೇನೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಅದನ್ನು ನೋಡಿ, ಪೊಲೀಸರೇನಾದರೂ ಹುಡುಕುತ್ತಿದ್ದಾರಾ ಎಂದು ಕೇಳಿದ್ದಳು.

ಮಾರ್ಚ್ ೫, ಶುಕ್ರವಾರ

ನಿನ್ನೆ ಅರ್ಧ ಬರೆದು ಮುಚ್ಚಿಟ್ಟೆ. ಉಳಿದರ್ಧಕ್ಕೆ ಕೈ ಬರಲಿಲ್ಲ.

ಮೊದಲ ಮೂವರ ತಲೆ ಸುಸೂತ್ರವಾಗಿ ಮುಗಿಯಿತು. ನಾಲ್ಕನೆಯವನನ್ನು ಅಲ್ಲಿ ಎಲ್ಲರೂ ಗಡ್ಡ ಎನ್ನುತ್ತಾರೆ. ಮೂವತ್ತೈದರ ಆಸುಪಾಸು. ಗಡ್ಡ ಎದೆಯವರೆಗೆ, ಅದರೊಳಗೆ ಏನೇನು ಸೇರಿಕೊಂಡಿದೆಯೋ, ಒಂದು ಸಿಗರೇಟಿನ ತುಂಡನ್ನಂತೂ ಕಣ್ಣಾರೆ ಕಂಡೆ. ಎಡ ದವಡೆ ಊದಿತ್ತು. ಅಡಿಯಲ್ಲಿ ಕುರು ಎದ್ದಿರಬೇಕು, ಗಡ್ಡ ತೆಗೆದರೆ ಡಾಕ್ಟರು ನೋಡಬಹುದು ಎಂದರು ಮೇಡಂ.

ಅವನಾಗಿಯೇ ಬಂದು ಕೂತ. ನಾನು ಕಲಿತದ್ದನ್ನೆಲ್ಲ ಒಪ್ಪಿಸಿದೆ. ಈಗ ಬಟ್ಟೆ ಹೊದಿಸುತ್ತೇನೆ, ಈಗ ನೀರು ಚಿಮುಕಿಸುತ್ತೇನೆ, ಈಗ ಹಿಂದೆ ಬರುತ್ತೇನೆ, ರೈಲ್ವೆ ಸ್ಟೇಷನ್ನಿನ ಮೈಕಿನ ಹಾಗೆ. ಅವನು ಹೂಂ ಹೂಂ ಎನ್ನುತ್ತಿದ್ದ. ಕತ್ತರಿ ತೆಗೆದೆ. ಇಷ್ಟು ವರ್ಷದ ಅಭ್ಯಾಸ, ಬಾಯಿ ತಾನಾಗಿ ಅಂದುಬಿಟ್ಟಿತು: "ಸ್ವಲ್ಪ ತಲೆ ಬಗ್ಗಿಸಿ."

ಅಷ್ಟೇ. ಕುರ್ಚಿ ಖಾಲಿ.

ಬಾಗಿಲಿಗೆ ಬಂದು ನೋಡುತ್ತೇನೆ, ಅಂಗಳ ದಾಟಿ ಕಾಂಪೌಂಡ್ ಗೋಡೆ ಏರಿ ಕೂತಿದ್ದಾನೆ. ಮೈಮೇಲೆ ನನ್ನ ಬಿಳಿ ಬಟ್ಟೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದೆ, ಯಾವುದೋ ದೊಡ್ಡ ಹಕ್ಕಿ ಬಂದು ಕೂತ ಹಾಗೆ. ನನ್ನ ಹತ್ತಿರ ಇರುವುದರಲ್ಲಿ ಅದೇ ಒಳ್ಳೆಯ ಬಟ್ಟೆ. ಕಾಲು ಹಿಡಿದು ಎಳೆಯುತ್ತೇನೆ ಎಂದು ಬಂಡೆ ಹೊರಟ. ಮೇಡಂ ಅವನನ್ನು ತಡೆದು, ತಾವೂ ಗೋಡೆಯಿಂದ ದೂರವೇ ನಿಂತು, "ಅಲ್ಲಿ ಬಿಸಿಲು ಸುಡ್ತಿಲ್ವಾ?" ಎಂದು ಕೇಳಿದರು. ಸುಡುತ್ತಿದೆ ಎಂದ. ಇಳಿಯಬೇಕು ಅನ್ನಿಸಿದಾಗ ಇಳಿಯಿರಿ, ಊಟ ಎತ್ತಿಡಿಸುತ್ತೇನೆ ಎಂದು ಹೇಳಿ ಒಳಗೆ ಬಂದರು. ಊಟದ ಗಂಟೆ ಹೊಡೆದಾಗ ಅವನು ಇಳಿದ. ಬಟ್ಟೆಯನ್ನು ಮಡಿಸಿ ಕುರ್ಚಿಯ ಮೇಲೆ ಇಟ್ಟು ಹೋದ.

ಆಮೇಲೆ ಬಂಡೆ ನನ್ನ ಕಿವಿಗೆ ಬಂದು ಎಲ್ಲ ಸುರಿದ. ಗಡ್ಡ ಹಿಂದೆಯೂ ಎರಡು ಸಲ ಇಲ್ಲಿ ಸೇರಿದ್ದನಂತೆ, ಎರಡು ಸಲವೂ ಕ್ಷೌರದ ದಿನವೇ ಗೋಡೆ ಹಾರಿದ್ದನಂತೆ. ಕಳೆದ ಸಲ ಕುಡಿದು, ಮೇಲೆ ಮಾತ್ರೆ ನುಂಗಿ, ಚರಂಡಿ ಪಕ್ಕ ಸಿಕ್ಕಾಗ ಉಸಿರು ಇದೆಯೋ ಇಲ್ಲವೋ ಅನ್ನುವ ಹಾಗಿದ್ದನಂತೆ. ಮೂರನೇ ಸಲ ಹಾರಿದರೆ ಕೇಂದ್ರ ಸೇರಿಸಿಕೊಳ್ಳುವುದಿಲ್ಲ. ಅಕ್ಕ ಒಬ್ಬಳಿದ್ದಾಳೆ, ಅವಳೂ ಬಾಗಿಲು ತೆಗೆಯುವುದಿಲ್ಲ ಅಂದಿದ್ದಾಳೆ. "ಅಲ್ಲಿಗೆ ಅವನ ಕಥೆ ಮುಗೀತು ಅಂತ ಲೆಕ್ಕ. ಎಲ್ಲಾ ನಿಮ್ಮ ಕೈಯಲ್ಲಿದೆ" ಎಂದು ಹಿಂದಿನಿಂದ ನನ್ನ ಭುಜ ತಟ್ಟಿದ. ಕೇಳದೆ ತಟ್ಟಿದ. ನಾನು ಒಂದಡಿ ಹಾರಿದೆ.

ಮಾರ್ಚ್ ೬, ಶನಿವಾರ

ತಲೆ ಬಗ್ಗಿಸಿ ಅನ್ನದೆ ಸಲೂನಿನಲ್ಲಿ ಒಂದು ದಿನ ಕೆಲಸ ಮಾಡಿ ನೋಡೋಣ ಎಂದುಕೊಂಡೆ. ಉಸಿರಾಡದೆ ಇದ್ದು ನೋಡೋಣ ಅಂದುಕೊಂಡ ಹಾಗಾಯಿತು. ಮೊದಲ ಗಿರಾಕಿಗೆ "ತಲೆ ಇಳಿಸಿ" ಎಂದೆ. ಇಳಿಸಿ ಎಲ್ಲಿಡಲಿ ಎಂದು ಕೇಳಿದ. ಎರಡನೆಯವನಿಗೆ "ಮುಂದೆ ಬಾಗಿ" ಎಂದೆ. ಕುರ್ಚಿ ಬಿಟ್ಟು ಎದ್ದು ಸೊಂಟ ಬಾಗಿಸಿ ನಿಂತ. ಮೂರನೆಯವನು ಬ್ಯಾಂಕಿನ ಗಾರ್ಡು. ಕೈಯಲ್ಲಿ ರೇಜರ್ ಹಿಡಿದು, ಮರ್ಯಾದೆಯಿಂದಲೇ, "ಸ್ವಲ್ಪ ಕುತ್ತಿಗೆ ಕೊಡಿ" ಎಂದೆ. ಅವನು ಕನ್ನಡಿಯೊಳಗಿನ ನನ್ನ ಮುಖವನ್ನು ತುಂಬ ಹೊತ್ತು ನೋಡಿ, ಮನೆಯಲ್ಲಿ ಎಲ್ಲ ಸೌಖ್ಯವೇ ಎಂದು ವಿಚಾರಿಸಿದ.

ಅಷ್ಟಕ್ಕೂ ಆ ಮಾತಿನಲ್ಲಿ ಅಂಥದ್ದೇನಿದೆ? ನಮ್ಮ ಐದನೇ ಕ್ಲಾಸಿನ ಮೇಷ್ಟ್ರೂ ಅದನ್ನೇ ಹೇಳುತ್ತಿದ್ದರು. ತಲೆ ಬಗ್ಗಿಸು ಅನ್ನುವುದು, ಆಮೇಲೆ ಡಸ್ಟರಿನ ಮರದ ಕಡೆಯಿಂದ ಏಟು. ಒಂದು ದಿನ ರಕ್ತ ಬಂತು ಅಂತ ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ಹಾಗಂತ ನಾನೇನು ಗೋಡೆ ಹಾರಿದೆನೇ? ನಮ್ಮ ಶಾಲೆಗೆ ಗೋಡೆಯೇ ಇರಲಿಲ್ಲ. ಹಿಂದಲೆಯಲ್ಲಿ ಒಂದು ಗುಂಡಿಯಷ್ಟು ಜಾಗದಲ್ಲಿ ಈಗಲೂ ಕೂದಲು ಬರುವುದಿಲ್ಲ, ಅಷ್ಟೇ. ನನ್ನ ತಲೆಯನ್ನು ನಾನೇ ಎರಡು ಕನ್ನಡಿ ಇಟ್ಟುಕೊಂಡು ಕತ್ತರಿಸಿಕೊಳ್ಳುತ್ತೇನೆ. ಬೇರೆಯವರ ಕೈ ನನಗೆ ಸರಿಹೋಗುವುದಿಲ್ಲ. ಒಳ್ಳೆಯ ಕ್ಷೌರಿಕರು ಈಗ ಎಲ್ಲಿದ್ದಾರೆ.

ಇದನ್ನೆಲ್ಲ ಯಾಕೆ ಬರೆದೆನೋ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ನೋಡಬೇಕು.

ಮಾರ್ಚ್ ೧೧, ಗುರುವಾರ

ಗಡ್ಡ ಇನ್ನೂ ಅಲ್ಲೇ ಇದ್ದಾನೆ. ದವಡೆ ಇನ್ನಷ್ಟು ಊದಿದೆ.

ಅವನಿಗೆ ಹಿಂದೆ ಏನಾಗಿತ್ತು ಎಂದು ಮೇಡಂ ಹತ್ತಿರ ಮೆಲ್ಲಗೆ ಕೇಳಿದೆ. "ಅದು ಅವರ ವಿಷಯ, ನಾನು ಹೇಳೋ ಹಾಗಿಲ್ಲ. ಏನೋ ಆಗಿದೆ ಅಂತ ಗೊತ್ತಿದ್ರೆ ನಿಮಗೆ ಸಾಕು" ಎಂದರು. ಬೀದಿಯ ಪ್ರತಿ ಮನೆಯ ಜಗಳ ಆ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಅಂಥವನಿಗೆ ಇಂಥ ಅವಮಾನ. ಹಾಗಾದರೆ ಯಾವ ಮಾತು ಆಡಬೇಕು, ಯಾವುದನ್ನು ಬಿಡಬೇಕು ಅಂತ ನನಗೆ ಹೇಗೆ ತಿಳಿಯಬೇಕು ಎಂದೆ. ಅವರನ್ನೇ ಕೇಳಿ ಎಂದರು. ಕೆಮ್ಮಿದರೂ ಅದೇ, ಜ್ವರ ಬಂದರೂ ಅದೇ, ಮೇಡಂ ಹತ್ತಿರ ಇರುವುದು ಇದೊಂದೇ ಔಷಧಿ.

ಗಡ್ಡ ಕುರ್ಚಿಯಲ್ಲಿ ಕೂತ. ನಾನು ಎದುರಿಗೆ ಮೋಟು ಸ್ಟೂಲಿನ ಮೇಲೆ ಕೂತೆ, ನಿಂತರೆ ಅವನ ಕಣ್ಣು ನನ್ನ ಕೈಯನ್ನೇ ಹಿಂಬಾಲಿಸುತ್ತಿತ್ತು. ಅವತ್ತು ಆ ಮಾತು ಬಾಯಿ ತಪ್ಪಿ ಬಂತು ಎಂದೆ. ಅವನು ನನ್ನ ಕೈಯ ಕಡೆ ನೋಡಿದ.

"ಯಜಮಾನ್ರೇ, ನಿಮ್ಮ ಕೈ ನಡುಗ್ತಿದೆ."

"ನಿಮ್ಮದೂ ನಡುಗ್ತಿದೆ."

"ನನ್ನದು ಎಣ್ಣೆ ಬಿಟ್ಟಿದ್ದಕ್ಕೆ. ನಿಮ್ಮದು?"

"ಹುಟ್ಟುಗುಣ."

"ಇಬ್ಬರಲ್ಲಿ ಒಬ್ಬರ ಕೈಯಾದ್ರೂ ನಿಲ್ಲಲಿ, ಆಮೇಲೆ ಕತ್ತರಿ ತೆಗೆಯೋಣ."

ನ್ಯಾಯವಾದ ಮಾತು. ಬೇರೇನೂ ತೋಚದೆ ಬ್ರಶ್ಶು, ಸೋಪಿನ ಬಟ್ಟಲು ಅವನ ಕೈಗೆ ಕೊಟ್ಟೆ. ಅವನೇ ನೊರೆ ಎಬ್ಬಿಸಿ ಗಡ್ಡಕ್ಕೆಲ್ಲ ಹಚ್ಚಿಕೊಂಡು, ಹಾಗೇ ಸುಮ್ಮನೆ ಕೂತ. ನೊರೆ ಒಣಗಿತು. ಮುಖ ತೊಳೆದು ಎದ್ದು ಹೋದ. ಒಂದು ಕೂದಲೂ ಬೀಳಲಿಲ್ಲ. ಈ ಲೆಕ್ಕದಲ್ಲಿ ಈ ಗಡ್ಡ ಇಳಿಯುವ ಹೊತ್ತಿಗೆ ತನಗೆ ಪೆನ್ಷನ್ ಬರುತ್ತದೆ ಎಂದ ಬಂಡೆ. ಹಳೇ ಕ್ಷೌರಿಕ ಕಿಟಕಿಯಿಂದ ಇಣುಕಿ, ನೊರೆ ತೆಳ್ಳಗಾಯಿತು ಎಂದು ತಪ್ಪು ಹುಡುಕಿದ. ಇವನೊಬ್ಬ ಬಾಕಿ ಇದ್ದ.

ಮಾರ್ಚ್ ೧೫, ಸೋಮವಾರ

ಊಟದ ನಡುವೆ ಎದ್ದು ಹೋಗಿ ಸಲೂನಿನ ಬೀಗ ಎಳೆದು ನೋಡಿ ಬಂದೆ. ಗಡ್ಡ ಗೋಡೆ ಹಾರಿದರೆ ನನಗೆ ಯಾರಾದರೂ ತಿಳಿಸುತ್ತಾರೆಯೇ? ತಿಳಿಸುವುದಿಲ್ಲ. ಹಾರಿರಬಹುದು.

ಮಾರ್ಚ್ ೧೮, ಗುರುವಾರ

ಹಾರಿಲ್ಲ.

ಬೆಳಿಗ್ಗೆ ಬಸ್ಸಿನ ಕಂಡಕ್ಟರು ಹೆಂಗಸು. ನನ್ನ ಪೆಟ್ಟಿಗೆ ನೋಡಿ, ಕೇಂದ್ರದ ಸ್ಟಾಪಿಗೆ ಟಿಕೆಟ್ ಕೇಳಿದ್ದು ನೋಡಿ, ಹೊಸ ಕಟಿಂಗಿನವರು ನೀವೇನಾ ಎಂದಳು. ಗಡ್ಡನ ಅಕ್ಕ ಅವಳೇ. ಟಿಕೆಟ್ ಹರಿಯುತ್ತಲೇ ಮಾತಾಡಿದಳು, ನಡುನಡುವೆ "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಜನರನ್ನು ತಳ್ಳುತ್ತಿದ್ದಳು. ಯಾವುದು ನನಗೆ, ಯಾವುದು ಬಸ್ಸಿಗೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಮನೆ ಬೀಗ ಬದಲಾಯಿಸಿದೀನಿ. ಹೊಸ ಕೀ ಅವನಿಗೆ ಕೊಡಲ್ಲ. ಎರಡು ಸಲ ಹೆಣ ಎತ್ತೋ ಹಾಗೆ ಎತ್ಕೊಂಡು ಬಂದಿದೀನಿ. ಮೂರನೇ ಸಲಕ್ಕೆ ನನ್ನ ಸೊಂಟದಲ್ಲಿ ಶಕ್ತಿ ಇಲ್ಲ."

ಭಾನುವಾರ ಮನೆಯವರನ್ನು ಒಳಗೆ ಬಿಡುತ್ತಾರಂತೆ. ಇದ್ದರೆ ನೋಡುತ್ತೇನೆ, ಇಲ್ಲದಿದ್ದರೆ ಅದೂ ಒಂದು ಸಲೀಸಾಯಿತು ಎಂದಳು. ನಾನು ಇಳಿಯುವಾಗ ಮಾತ್ರ ಸೀಟಿ ಊದದೆ ಒಂದು ಗಳಿಗೆ ನಿಂತು, "ಆ ಗಡ್ಡದ ಹಿಂದೆ ಮುಖ ಹೇಗಿತ್ತು ಅಂತಾನೇ ಮರ್ತುಹೋಗಿದೆ" ಎಂದಳು.

ಕೇಂದ್ರಕ್ಕೆ ಹೋದರೆ ಗಡ್ಡನಿಗೆ ಜ್ವರ. ದವಡೆ ಕುಂಬಾರನ ಮಡಕೆಯಾಗಿದೆ. ಕುರು ಇವತ್ತೇ ಕೊಯ್ಯಬೇಕು ಎಂದರು ಡಾಕ್ಟರು. ಸಂಜೆಯ ಚಹಾದೊಳಗೆ ಗಡ್ಡ ಇಳಿಯದಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸುವುದು. ಅಲ್ಲಿ ಕೇಳುವುದು ಗೀಳುವುದು ಇಲ್ಲ, ಕೈ ಕಟ್ಟಿ ಬೋಳಿಸುತ್ತಾರೆ. ಕಟ್ಟು ಬಿಚ್ಚಿದ ಮೇಲೆ ಅವನು ಎಲ್ಲಿಗೆ ಹೋಗುತ್ತಾನೆ ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಂಡೆ ತೋಳು ಮಡಿಸಿದ. ಮೇಡಂ ಮುಖ ನೋಡಿ ಮತ್ತೆ ಇಳಿಸಿಕೊಂಡ.

ಗಡ್ಡ ಬಾಗಿಲಲ್ಲಿ ನಿಂತಿದ್ದ, ಕಣ್ಣು ಕೆಂಪಗೆ. ನಾನು ಕುರ್ಚಿ ತೋರಿಸಿದೆ. ಅವನು ಅದೇ ಕುರ್ಚಿಯನ್ನು ನನಗೆ ತೋರಿಸಿದ.

"ನೀವು ಕೂತ್ಕೊಳ್ಳಿ. ನಿಮಗೆ ಕಟಿಂಗ್ ಮಾಡೋರು ಯಾರು? ಹಿಂದೆ ಇಲಿ ಕಡಿದ ಹಾಗಿದೆ."

ನಾನೇ ಎಂದೆ. ಯಾಕೆ ಎಂದ. ಬೇರೆಯವರ ಕೈ ಸರಿಹೋಗುವುದಿಲ್ಲ ಎಂದೆ.

"ನನಗೂ ಅದೇ ಕಾಯಿಲೆ. ಮೊದಲು ನೀವು ಕೂತು ತೋರಿಸಿ, ಆಮೇಲೆ ನಾನು."

ಮೇಡಂ ಕಡೆ ನೋಡಿದೆ. ಕಾಪಾಡುತ್ತಾರೆ ಎಂದುಕೊಂಡರೆ ನನಗೂ ಅದೇ ಔಷಧಿ: ನಿಮಗೆ ಒಪ್ಪಿಗೆಯೇ, ಬೇಡ ಅಂದರೆ ಬೇಡ. ಬೇಡ ಅನ್ನಲು ಬಾಯಿ ತೆರೆದೆ, ಹೂಂ ಎಂದು ಬಂತು. ಕತ್ತರಿ ರೇಜರ್ ಎಲ್ಲ ಪೆಟ್ಟಿಗೆಯೊಳಗೆ, ಪೆಟ್ಟಿಗೆ ಬಂಡೆಯ ಕಂಕುಳಲ್ಲಿ. ಗಡ್ಡನ ಕೈಗೆ ಬರೀ ಕಟಿಂಗ್ ಮೆಷಿನ್ನು ಕೊಟ್ಟರು.

"ಈಗ ಬಟ್ಟೆ ಹೊದಿಸ್ತೀನಿ" ಎಂದ. "ಈಗ ಹಿಂದೆ ಬರ್ತೀನಿ" ಎಂದ. ನನ್ನದೇ ರಾಗ, ನನ್ನದೇ ರೈಲ್ವೆ ಸ್ಟೇಷನ್ನು. ಎಲ್ಲರೂ ಕಿಸಕ್ ಎಂದರು. ಮೆಷಿನ್ನು ಗುಂಯ್ ಎನ್ನುತ್ತ ಬಂದು ಕುತ್ತಿಗೆಗೆ ತಾಗಿತು.

ಆಮೇಲೆ ನಾನು ಅಂಗಳದಲ್ಲಿದ್ದೆ. ನಡುವೆ ಏನಾಯಿತೋ ಗೊತ್ತಿಲ್ಲ. ಮೈಮೇಲೆ ಬಿಳಿ ಬಟ್ಟೆ, ಕಾಲಲ್ಲಿ ಒಂದೇ ಚಪ್ಪಲಿ. ಮೆಷಿನ್ನು ಬಿಸಿಯಾಗಿತ್ತು ಅಂತ ಕಾಣುತ್ತದೆ.

ಗಡ್ಡ ಬಾಗಿಲಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಜಮಾನ್ರೇ, ಗೋಡೆ ಆ ಕಡೆ" ಎಂದ.

ಅಷ್ಟು ಹೇಳಿ ನಗಲು ಶುರು ಮಾಡಿದ. ಊದಿದ ದವಡೆಯನ್ನು ಎರಡು ಕೈಯಲ್ಲಿ ಹಿಡಿದು, ಅಯ್ಯೋ ಅಮ್ಮಾ ಎಂದು ನರಳುತ್ತ ನಕ್ಕ. ಬಂಡೆ ಪೆಟ್ಟಿಗೆ ಸಮೇತ ಕುಲುಕಿದ. ಕಿಟಕಿಯಲ್ಲಿ ಹಳೇ ಕ್ಷೌರಿಕ ಮಂಚದಿಂದ ಬೀಳುವುದೊಂದು ಬಾಕಿ. ಮೇಡಂ ಒಬ್ಬರೇ ನಗಲಿಲ್ಲ. ನನ್ನ ಇನ್ನೊಂದು ಚಪ್ಪಲಿ ತಂದು ಮುಂದೆ ಇಟ್ಟು, "ಇಲ್ಲಿ ಬಿಸಿಲು ಸುಡ್ತಿಲ್ವಾ?" ಎಂದು ಕೇಳಿದರು.

ವಾಪಸ್ ಹೋಗಿ ಕೂತೆ. ಮರ್ಯಾದೆ ಹೇಗೂ ಹೋಗಿತ್ತು, ತಲೆ ಹೋದರೆ ಹೋಗಲಿ ಅಂತ. ಗಡ್ಡ ಈ ಸಲ ಹಿಂದೆ ಹೋಗಲಿಲ್ಲ. ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ, "ಎಲ್ಲಿ ಮುಟ್ಟಬಾರದು?"

ನಾನು ಆ ಜಾಗಕ್ಕೆ ಬೆರಳಿಟ್ಟು ತೋರಿಸಿದೆ. ಯಾಕೆ ಎಂದು ಅವನು ಕೇಳಲಿಲ್ಲ. ಅದೊಂದನ್ನು ಬಿಟ್ಟು ಸುತ್ತ ಮೆಷಿನ್ನು ಓಡಿಸಿದ. ನಾನು ನನ್ನ ಚಪ್ಪಲಿಗಳನ್ನೇ ನೋಡುತ್ತಿದ್ದೆ, ಎರಡೂ ಇದ್ದವು.

ಆಮೇಲೆ ಅವನು ಕೂತ. ಉದ್ದದ್ದನ್ನು ಕತ್ತರಿಯಲ್ಲಿ ಇಳಿಸಿ, ನೊರೆ ಹಚ್ಚಿ, ಈಗ ಎಡಗಡೆ ಎಂದು ಹೇಳಿ ರೇಜರ್ ತೆಗೆದೆ. ಯಾವ ಮಾತು ಆಡಲಿ ಎಂದು ತಡಕಾಡುವಾಗ ಹೊಳೆಯಿತು. ಗಡ್ಡ ಹೆರೆಯಲು ತಲೆ ಬಗ್ಗಿಸುವ ಕೆಲಸವೇ ಇಲ್ಲ. ಎತ್ತಬೇಕು. ಮೊದಲು ತಲೆ, ಆಮೇಲೆ ಗಡ್ಡ ಅನ್ನುವುದು ನಮ್ಮ ಕಸುಬಿನ ರೂಢಿ. ಆ ರೂಢಿಯಲ್ಲೇ ನಾನು ಮೊದಲ ದಿನ ಹಿಂದಲೆಗೆ ಹೋಗಿದ್ದೆ. ಅವತ್ತೇ ಗಡ್ಡದಿಂದ ಶುರು ಮಾಡಿದ್ದರೆ ಗೋಡೆಯೂ ಇಲ್ಲ, ಹಕ್ಕಿಯೂ ಇಲ್ಲ, ಬ್ಯಾಂಕಿನ ಗಾರ್ಡು ಬೇರೆ ಸಲೂನು ಹುಡುಕಿಕೊಳ್ಳುತ್ತಲೂ ಇರಲಿಲ್ಲ. ಕತ್ತೆ ನಾನು.

"ತಲೆ ಎತ್ತಿ" ಎಂದೆ.

ಎತ್ತಿದ. ಕಣ್ಣು ಮುಚ್ಚಲಿಲ್ಲ, ಬಾಗಿಲನ್ನೇ ನೋಡುತ್ತಿದ್ದ. ಎಡ ಕೆನ್ನೆ ಮುಗಿಯಿತು. ಬಲಕ್ಕೆ ಬರುವಾಗ ಕೈ ಎತ್ತಿ ಸಾಕು ಎಂದ. ಇನ್ನರ್ಧ ಇದೆಯಲ್ಲ ಎಂದೆ. ಸಾಕು ಅಂದ್ನಲ್ಲ ಎಂದ. ನನ್ನ ಕೈಯಿಂದ ಅರ್ಧ ಗಡ್ಡದ ಗಿರಾಕಿ ಎದ್ದು ಹೋದದ್ದು ಇದೇ ಮೊದಲು. ರೇಜರ್ ಮಡಿಸಿದೆ. ಡಾಕ್ಟರು ಕುರು ಕೊಯ್ದು ಪಟ್ಟಿ ಹಾಕಿದರು.

ಮನೆಗೆ ಬಂದಾಗ ಹೆಂಡತಿ ನನ್ನ ಹಿಂದಲೆ ನೋಡಿ ಚಹಾ ಉಗುಳಿದಳು.

ಮಾರ್ಚ್ ೨೧, ಭಾನುವಾರ

ನನ್ನ ದಿನವಲ್ಲ, ಆದರೂ ಕೇಂದ್ರಕ್ಕೆ ಹೋದೆ. ಹಣಿಗೆ ಮರೆತಿದ್ದೆ ಎಂದು ಹೇಳಿದೆ. ಹಣಿಗೆ ಜೇಬಿನಲ್ಲೇ ಇತ್ತು.

ಬಂಡೆ ಈಗ ಪ್ರತಿ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋಗುತ್ತಾನೆ. ಅವನು ತಟ್ಟುವ ರಭಸಕ್ಕೆ ಒಳಗಿರುವವರು ಮಂಚದ ಕೆಳಗೆ ಸೇರುತ್ತಾರೆ. ತಟ್ಟುವುದನ್ನು ಕಲಿತಿದ್ದಾನೆ, ಇನ್ನು ಮೆಲ್ಲಗೆ ಅನ್ನುವುದನ್ನು ಕಲಿಸಬೇಕು ಎಂದರು ಮೇಡಂ.

ಕಂಡಕ್ಟರಕ್ಕ ಯೂನಿಫಾರಂನಲ್ಲೇ ಬಂದಳು. ಗಡ್ಡ ಅಂಗಳದ ಬೆಂಚಿನ ಮೇಲೆ ಕೂತಿದ್ದ. ಅವಳು ಅವನ ಎಡಕ್ಕೆ ಹೋಗಿ ನೋಡಿದಳು, ಸುತ್ತಿ ಬಂದು ಬಲಕ್ಕೆ ನಿಂತು ನೋಡಿದಳು, ಮತ್ತೆ ಎಡಕ್ಕೆ ಹೋದಳು.

"ಈ ಕಡೆಯವನನ್ನ ಬೇಕಾದ್ರೆ ಮನೆಗೆ ಕರ್ಕೊಂಡು ಹೋಗ್ತೀನಿ. ಆ ಕಡೆಯವನು ಇಲ್ಲೇ ಇರ್ಲಿ."

ಅವನು ನಗಲಿಲ್ಲ, ನೆಲ ನೋಡುತ್ತಿದ್ದ. ಅವಳು ಅವನ ಬೋಳು ಕೆನ್ನೆಯ ಕಡೆ ಕೈ ಚಾಚಿದಳು. ಕೈ ಅರ್ಧ ದಾರಿಗೆ ನಿಂತಿತು. ಅವಳಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

"ಮುಟ್ಲಾ?"

"ಮುಟ್ಟಕ್ಕ."

ನಾನು ಅಲ್ಲಿಂದ ಎದ್ದು ಬಂದೆ. ಹಣಿಗೆ ಹುಡುಕುವುದಿತ್ತು.

ಮಾರ್ಚ್ ೨೫, ಗುರುವಾರ

ಕೇಂದ್ರದ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಗಡ್ಡ ಹಾರಿದ. ಬೆಳಿಗ್ಗೆ, ನಾನು ಬರುವ ಮುಂಚೆ. ನಾನು ಏನೂ ಅಂದಿರಲಿಲ್ಲ. ಮೇಡಂ, ಕೆಲವರಿಗೆ ಒಳ್ಳೆಯದು ಆಗತೊಡಗಿದಾಗಲೂ ದಿಗಿಲಾಗುತ್ತದೆ, ನಿಮ್ಮ ತಪ್ಪಲ್ಲ ಎಂದರು. ಮತ್ತೆ ಯಾರ ತಪ್ಪು? ಬಂಡೆ ಚರಂಡಿಗಳನ್ನೆಲ್ಲ ನೋಡಿ ಬಂದು ಗೇಟಿನ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದಾನೆ. ಯಾರೂ ಕಟಿಂಗಿಗೆ ಬರಲಿಲ್ಲ. ಇನ್ನು ಬರೆಯುವುದಿಲ್ಲ.

ಅದೇ ದಿನ, ಬಸ್ಸಿನಲ್ಲಿ

ಬಸ್ಸು ಕುಲುಕುವುದರಿಂದ ಅಕ್ಷರ ಹೀಗೆ.

ಮೇಲಿನದನ್ನು ಬರೆದು ಮುಗಿಸಿ ಅಲ್ಲೇ ಕೂತಿದ್ದೆ. ಕಣ್ಣು ಡೈರಿಯ ಮೇಲಿದ್ದದ್ದರಿಂದ ನಾನು ನೋಡಲಿಲ್ಲ. "ಒಳಗೆ ಬರ್ತೀರಾ?" ಎಂದು ಬಂಡೆಯ ದನಿ ಕೇಳಿತು. ಬಂಡೆ ಯಾರಿಗಾದರೂ ಬರ್ತೀರಾ ಅಂದದ್ದನ್ನು ನಾನು ಕೇಳಿರಲಿಲ್ಲ, ಮಂತ್ರಿಗಿಂತ್ರಿ ಬಂದರೇನೋ ಎಂದು ತಲೆ ಎತ್ತಿದೆ. ಗಡ್ಡ. ಪಟ್ಟಿ ಕಳಚಿ ನೇತಾಡುತ್ತಿತ್ತು. ವಾಸನೆ ಮೆಟ್ಟಿಲವರೆಗೆ ಬಂತು.

ಬ್ರಾಂಡಿ ಅಂಗಡಿಯವನು ಅರ್ಧ ಗಡ್ಡ ನೋಡಿ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದನಂತೆ. ಪಂದ್ಯ ಸೋತೆಯಾ ಎಂದು ಒಬ್ಬ ಕೇಳಿದನಂತೆ. "ಎರಡು ಗುಟುಕು ಇಳೀತು. ಎಲ್ಲರೂ ನನ್ನನ್ನೇ ನೋಡ್ತಿದ್ರು. ಅರ್ಧ ಮುಖ ಇಟ್ಕೊಂಡು ನೆಮ್ಮದಿಯಾಗಿ ಕುಡಿಯೋಕೂ ಆಗಲ್ಲ ಯಜಮಾನ್ರೇ. ಬಲಗಡೆ ಬಾಕಿ ಇದೆಯಲ್ಲ ಅಂತ ಬಂದೆ" ಎಂದ. ಹೇಳುತ್ತ ನಗುತ್ತಿದ್ದ, ಕೈ ಮಾತ್ರ ಗೇಟಿನ ಸರಳು ಬಿಟ್ಟಿರಲಿಲ್ಲ.

ಡಾಕ್ಟರು ಮತ್ತು ಮೇಡಂ ಒಳಗೆ ಬಾಗಿಲು ಹಾಕಿಕೊಂಡರು. ಮೂರನೇ ಸಲದ ಮಾತು. ನಾನು ಪೆಟ್ಟಿಗೆಯ ಚಿಲಕ ಎರಡು ಸಲ ಎಳೆದು ನೋಡಿದೆ. ಕೊನೆಗೆ ಡಾಕ್ಟರು ಹೊರಗೆ ಬಂದು ಗಡ್ಡನ ಎರಡೂ ಕಡೆ ನೋಡಿ, "ರೂಲ್ಸು ಓಡಿಹೋದವರಿಗೆ. ಇವರು ಕಟಿಂಗಿಗೆ ಬಂದಿದಾರೆ" ಎಂದು ಪಟ್ಟಿ ಕಟ್ಟಲು ಸಾಮಾನು ತರಿಸಿದರು. ಯಾರೂ ಬೈಯಲಿಲ್ಲ. ಎಷ್ಟು ಕುಡಿದಿರಿ, ಮಾತ್ರೆ ಏನಾದರೂ ನುಂಗಿದಿರಾ ಎಂದಷ್ಟೇ ಕೇಳಿದರು. ಮಾತ್ರೆ ಇಲ್ಲ ಎಂದ. ಕಣ್ಣಿಗೆ ಟಾರ್ಚು ಬಿಟ್ಟು ನೋಡಿ ಹೂಂ ಎಂದರು.

ಬಲ ಕೆನ್ನೆಗೆ ನೊರೆ ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ತಲೆ ಎತ್ತಿದ.

ಈಗ ಕಂಡಕ್ಟರಕ್ಕ ಇದೇ ಬಸ್ಸಿನಲ್ಲಿದ್ದಾಳೆ. ಅವಳಿಗೆ ಆಗಲೇ ಫೋನ್ ಹೋಗಿತ್ತು, ಹಾರಿದ್ದು ಗೊತ್ತು, ಬಂದದ್ದು ಗೊತ್ತಿಲ್ಲ. ನಾನೇ ಹೇಳಿದೆ. ಅವಳು ಟಿಕೆಟ್ ಯಂತ್ರ ಹಿಡಿದುಕೊಂಡು ನಿಂತುಬಿಟ್ಟಳು. ಸ್ಟಾಪು ಬಂತು, ಹೋಯಿತು. ಇಳಿಯಬೇಕಾದವರು ಹಿಂದಿನಿಂದ ಕೂಗಾಡಿದರು.

"ಎಲ್ಲಿಂದ ಬಂದ? ಗೋಡೆ ಮೇಲಿಂದಾನಾ?"

"ಗೇಟಿಂದ."

"ಗೇಟಿಂದ ಬಂದ್ನಾ" ಎಂದು ಇನ್ನೊಮ್ಮೆ ತನಗೇ ಹೇಳಿಕೊಂಡಳು. ಸೀಟಿ ಊದಿ ಬಸ್ಸು ನಿಲ್ಲಿಸಿದಳು. ಕೂಗಾಡುತ್ತಿದ್ದವರನ್ನು, ನಡೆದರೆ ಮೈಗೆ ಒಳ್ಳೆಯದು ಎಂದು ಬೈದು ಇಳಿಸಿದಳು. ಆಮೇಲೆ ನನ್ನ ಸೀಟಿನ ಹತ್ತಿರ ಬಂದು ಬೇರೆಲ್ಲೋ ನೋಡುತ್ತ ಹೇಳಿದಳು, "ಇನ್ನೊಂದು ಕೀ ಮಾಡಿಸಿ ಇಟ್ಟಿರ್ತೀನಿ. ಕೊಡೋಕಲ್ಲ. ಸುಮ್ನೆ ಇರ್ಲಿ ಅಂತ."

ಮಾರ್ಚ್ ೨೮, ಭಾನುವಾರ

ಗಡ್ಡ ನನ್ನ ತಲೆಯ ಹಿಂದೆ ಮಾಡಿಟ್ಟ ಹಳ್ಳದಿಣ್ಣೆ ನೋಡಿ ನೋಡಿ ಹೆಂಡತಿಗೆ ಇವತ್ತು ತಡೆಯಲಿಲ್ಲ. ತಾನೇ ಸಮ ಮಾಡುತ್ತೇನೆ ಎಂದು ಬಟ್ಟೆ ಕತ್ತರಿಸುವ ಕತ್ತರಿ ತಂದಳು. ಕಂಡಕ್ಟರಕ್ಕನ ಕಥೆ ಹೇಳಿದ್ದೆನಲ್ಲ, ಅದಕ್ಕೆ ಗೇಲಿಯಾಗಿ, "ಮುಟ್ಲಾ ಯಜಮಾನ್ರೇ?" ಎಂದಳು. ಮುಟ್ಟಮ್ಮ ಎಂದೆ. ಬೆಳಕು ಸಾಲದು ಅಂತ ಹಿಂದೆ ಬಾಗಿಲು ತೆರೆದಿಟ್ಟು, ಸ್ಟೂಲು ಅಡುಗೆಮನೆಯ ಕಡೆ ತಿರುಗಿಸಿ ಕೂರಿಸಿದಳು.

ತಲೆ ಬಗ್ಗಿಸಿ, ತಲೆ ಬಗ್ಗಿಸಿ ಎಂದು ಎರಡು ಮೂರು ಸಲ ಅಂದಳಂತೆ. ನನಗೆ ಕೇಳಿಸಿಲ್ಲ. ನಿದ್ದೆ ಬಂದುಬಿಟ್ಟಿತ್ತು. ತಲೆ ತಾನಾಗಿಯೇ ಎದೆಗೆ ಬಿದ್ದಿತ್ತಂತೆ, ಮೇಲೆ ಗೊರಕೆ ಬೇರೆ.

ಎಡಗಡೆ ಸರಿಯಾಗಿ ಮೆಟ್ಟಿಲು ಮಾಡಿಟ್ಟಿದ್ದಾಳೆ. ಗುರುವಾರ ಗಡ್ಡ ಇದನ್ನು ನೋಡಿದರೆ ಸುಮ್ಮನೆ ಬಿಡುವುದಿಲ್ಲ. ಗಡ್ಡವೇ ಇಲ್ಲದವನನ್ನು ಇನ್ನು ಏನೆಂದು ಕರೆಯುವುದು ಅನ್ನುವುದು ಬೇರೆ ಚಿಂತೆ.